ನೀಲವ್ವ ಅಕ್ಕೋರ ಗ್ರಹಣದ ಪಾಠ

ವಿಜ್ಞಾನ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಪ್ರಯೋಗ ಮಾಡಿಸುವುದು ಹೇಗೆ, ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಸಾಮಾನಿನ ಮಾತು ಸುಲಭ. ಒಂದು ಎಣ್ಣೆಡಬ್ಬಿ, ಒಂದು ನಿಂಬೆಹಣ್ಣು, ಹಗ್ಗ, ಕಲ್ಲು ಇದ್ದರೆ ಭೌತಶಾಸ್ತ್ರದ ಅರ್ಧ ಪಾಠ ನಡೆದುಹೋಗುತ್ತದೆ. ಅವರು ಕೇಳದೆ ಬಿಡುವ ಮಾತು ಬೇರೆಯೇ ಇದೆ. ಪ್ರಯೋಗ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ನನ್ನ ನೌಕರಿಯಲ್ಲಿ ಬಡ್ತಿ ಬಂತು, ವರ್ಗವಾಯಿತು, ಕೊನೆಗೆ ಹಾರ ಹಾಕಿ ಕಳಿಸಿದರು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು ಶಿರಹಟ್ಟಿಯ ಒಬ್ಬ ಅಕ್ಕೋರ ಸಂಗತಿ. ನಮ್ಮ ಕಡೆ ಹೆಣ್ಣುಮಕ್ಕಳು ಮಾಸ್ತರಿಕೆ ಮಾಡಿದರೆ ಅವರನ್ನು ಅಕ್ಕೋರು ಎನ್ನುತ್ತೇವೆ. ಆದರೆ ಅದಕ್ಕೆ ಮೊದಲು ನಾನು ಈ ಕೆಲಸ ಕಲಿತ ಬಗೆಯನ್ನು ಸ್ವಲ್ಪ ಹೇಳಬೇಕು.

ನಾನು ಕುರ್ತಕೋಟಿಯವನು, ಎರೆಹೊಲದ ಮನೆತನ. ಓದು ಮುಗಿಸಿ ಬಂದಾಗ ಲಕ್ಷ್ಮೇಶ್ವರದಲ್ಲಿ ಮಾಸ್ತರಿಕೆ ಸಿಕ್ಕಿತು. ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನದ ಊರು. ಕಚೇರಿಯ ಕಾಗದ ಮರಾಠಿಯಲ್ಲಿ, ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿ, ಹುಡುಗರ ಬಾಯಿ ಮಾತ್ರ ಕನ್ನಡ. ನಮ್ಮ ಹೆಡ್‌ಮಾಸ್ತರು ಕಾಳೆ ಎಂಬ ಹಿರಿಯರು. ಅವರ ಕೋಣೆಯಲ್ಲಿ ಒಂದು ಗಾಜಿನ ಕಪಾಟು ಇತ್ತು. ಅದರೊಳಗೆ ಗಾಳಿ ಎಳೆಯುವ ಹಿತ್ತಾಳೆಯ ಪಂಪು, ಕಾಂತಗಳು, ಪಾದರಸದ ನಳಿಗೆ, ಒಂದು ಸಣ್ಣ ದೂರದರ್ಶಕ. ಬೀಗದ ಕೈ ಅವರ ಜನಿವಾರಕ್ಕೆ ಕಟ್ಟಿರುತ್ತಿತ್ತು. ನಾನು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ.

"ಮಾಸ್ತರ, ಅದು ನೋಡೂದಕ್ಕ ಇಟ್ಟದ್ದು, ಮುಟ್ಟೂದಕ್ಕಲ್ಲ. ಒಂದ್ ಒಡದ್ರ ಮಿರಜಿಗೆ ಉತ್ತರ ಕೊಡಾವರು ಯಾರು?"

ಹೀಗಾಗಿ ನಾನು ಹೊರಗಿನ ಸಾಮಾನಿನಿಂದಲೇ ಕಲಿಸತೊಡಗಿದೆ. ಹುಣಸೆಮರದ ಟೊಂಗೆಗೆ ಹಗ್ಗ ಕಟ್ಟಿ, ಕಲ್ಲು ತೂಗುಬಿಟ್ಟು, ಹಗ್ಗ ಉದ್ದವಾದಷ್ಟೂ ತೂಗು ನಿಧಾನವಾಗುವುದನ್ನು ಹುಡುಗರಿಗೆ ತೋರಿಸಿದೆ. ಚಳಿಗಾಲದಲ್ಲಿ ಅಂಗಳದಲ್ಲಿ ಗೂಟ ನೆಟ್ಟು, ನೆರಳು ಎಲ್ಲಕ್ಕಿಂತ ಗಿಡ್ಡವಾದಾಗ ಅದು ಬಿದ್ದ ದಿಕ್ಕೇ ಉತ್ತರ ಎಂದು ಗೆರೆ ಎಳೆಸಿದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಶಾಲೆಯಲ್ಲಿ ಸಿಹಿ ಹಂಚಿದೆವು. ಅದಕ್ಕಾಗಿ ತಂದ ಎಣ್ಣೆಡಬ್ಬಿ ಖಾಲಿಯಾಗಿ ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಸ್ವಲ್ಪ ನೀರು ಹಾಕಿ, ಮೂರು ಕಲ್ಲಿನ ಒಲೆಯ ಮೇಲಿಟ್ಟು, ಉಗಿ ಭರದಿಂದ ಬರುವ ತನಕ ಕುದಿಸಿದೆ. ಇಳಿಸಿ, ಬಾಯಿ ಬಿಗಿಯಾಗಿ ಮುಚ್ಚಿ, ಮೇಲೆ ತಣ್ಣೀರು ಸುರಿದೆ. ಡಬ್ಬಿ ಕಟಕಟ ಸದ್ದು ಮಾಡಿ, ಯಾರೋ ಹಿಂಡಿದ ಹಾಗೆ ಮುದ್ದೆಯಾಯಿತು.

"ಯಾರ ಒದ್ದಾರ್ರಿ ಸರ ಅದನ್ನ?" ಎಂದು ಒಬ್ಬ ಕೇಳಿದ.

"ಗಾಳಿ ಒದೀತು."

"ಗಾಳೀಗೆ ಕಾಲ ಎಲ್ಲದಾವ್ರಿ?"

ನಾನು ಉತ್ತರ ಹೇಳುವಷ್ಟರಲ್ಲಿ ಕಾಳೆಯವರು ಬಂದು ನಿಂತಿದ್ದರು. ಆ ಡಬ್ಬಿಯನ್ನು ಅವರು ತಮ್ಮ ಮನೆಯ ಜೋಳ ತುಂಬಲಿಕ್ಕೆ ಎತ್ತಿಡಿಸಿದ್ದರಂತೆ, ನನಗೆ ಗೊತ್ತಿರಲಿಲ್ಲ. ಅವರು ಮುದ್ದೆಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದರು.

"ಮಾಸ್ತರ, ಇದನ್ನ ಯಾವ ಭಾಷಾದಾಗ ಕಲಿಸಿದ್ರಿ?"

"ಕನ್ನಡದಾಗ್ರಿ."

"ಡಬ್ಬಿ ಯಾವ ಭಾಷಾದಾಗ ಚಪ್ಪಟಿ ಆತು?"

ಅವರು ಬೈಯುತ್ತಿದ್ದಾರೋ ಚೇಷ್ಟೆ ಮಾಡುತ್ತಿದ್ದಾರೋ ತಿಳಿಯಲಿಲ್ಲ. ಮರುದಿನ ಮನೆಯಿಂದ ತಾವೇ ಇನ್ನೊಂದು ಡಬ್ಬಿ ತಂದು, "ನನ್ನ ಮುಂದ ಮಾಡ್ರಿ" ಎಂದರು. ಮಾಡಿದೆ. ಡಬ್ಬಿ ಕುಸಿಯುವಾಗ ಅವರ ಮುಖ ಆ ಹುಡುಗನ ಮುಖದ ಹಾಗೆಯೇ ಇತ್ತು.

ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆ ಕಾಳೆಯವರು ನೌಕರಿ ಬಿಟ್ಟು ಮಿರಜಿಗೆ ಹೊರಟರು. ಹೋಗುವ ದಿನ ನನ್ನನ್ನು ಕರೆದು ಕಪಾಟು ತೆರೆದರು. ಪಂಪಿನ ಒಳಗಿನ ತೊಗಲು ಒಣಗಿ ಬಿರುಕುಬಿಟ್ಟಿತ್ತು. ರಬ್ಬರಿನ ನಳಿಗೆ ಮುಟ್ಟಿದರೆ ಪುಡಿಯಾಗುತ್ತಿತ್ತು. ದೂರದರ್ಶಕದ ಮಸೂರದೊಳಗೆ ಬೂಷ್ಟು ಬಲೆಯ ಹಾಗೆ ಹಬ್ಬಿತ್ತು. ಅವರು ಬಹಳ ಹೊತ್ತು ನೋಡಿದರು.

"ಜ್ವಾಪಾನ ಮಾಡಿದೆ ಅಂದ್ಕೊಂಡಿದ್ದೆ. ಜ್ವಾಪಾನ ಮಾಡೇ ಹಾಳ ಮಾಡಿದೆ ನೋಡ್ರಿ."

ಮುಂದೆ ನಾನು ಎಲ್ಲಿ ಕೆಲಸ ಮಾಡಿದರೂ ಕಪಾಟಿಗೆ ಬೀಗ ಹಾಕಲಿಲ್ಲ. ಸಾಮಾನು ಒಡೆದವು, ಒಂದೆರಡು ಕಳುವೂ ಆದವು. ಅದರ ಬಗ್ಗೆ ನನಗೆ ಬೇಸರವಿಲ್ಲ.

ಕೆಲ ವರ್ಷಗಳ ಮೇಲೆ ನನ್ನನ್ನು ಗದಗಕ್ಕೆ ಹಾಕಿದರು. ಪ್ರಾಥಮಿಕ ಶಾಲೆಯ ಮಕ್ಕಳಿಗೂ ವಿಜ್ಞಾನ ಕಲಿಸಬೇಕೆಂಬ ಹುರುಪು ಆಗ ಎಲ್ಲ ಕಡೆ ಇತ್ತು. ಬೇಸಿಗೆ ಸೂಟಿಯಲ್ಲಿ ಸುತ್ತಲ ತಾಲೂಕುಗಳ ಮಾಸ್ತರರನ್ನೂ ಅಕ್ಕೋರನ್ನೂ ಕರೆಸಿ, ಖರ್ಚಿಲ್ಲದ ಪ್ರಯೋಗಗಳನ್ನು ಅವರ ಕೈಯಿಂದಲೇ ಮಾಡಿಸುವುದು ನನ್ನ ಪಾಲಿಗೆ ಬಂತು. ಆ ಶಿಬಿರಕ್ಕೆ ನೀಲವ್ವ ಬಂದಳು.

ನೀಲವ್ವ ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಮದುವೆಯಾಗಿ ಗಂಡನ ಮನೆಗೆ ಹೋದ ಹೊಸದರಲ್ಲೇ ಗಂಡ ತೀರಿಕೊಂಡಿದ್ದ. ತವರಿಗೆ ಬಂದು, ಹಟ ಹಿಡಿದು ಓದಿ ನೌಕರಿ ಹಿಡಿದವಳು. ತಾಯಿ ಗಂಗವ್ವ, ಕಾಳಿನ ಅಂಗಡಿ ನಡೆಸುವ ತಮ್ಮ ವೀರಪ್ಪ, ಇವರ ಜೊತೆಗೇ ಇದ್ದಳು. ತಲೆಯ ಮೇಲೆ ಸೆರಗು ಹೊದ್ದು, ಮುಂದಿನ ಸಾಲಿನಲ್ಲಿ ಕೂತು, ಮೊದಲ ಎರಡು ದಿನ ತುಟಿ ಬಿಚ್ಚಲಿಲ್ಲ.

ಚಂದ್ರನ ಪಾಠ ಬಂತು. ಕೋಣೆಯ ನಡುವೆ ದೀಪ ಇಟ್ಟು ಅದು ಸೂರ್ಯ ಎಂದೆ. ಪ್ರತಿಯೊಬ್ಬರ ಕೈಗೂ ಕಡ್ಡಿಗೆ ಚುಚ್ಚಿದ ನಿಂಬೆಹಣ್ಣು ಕೊಟ್ಟು, ಅದು ಚಂದ್ರ, ನಿಮ್ಮ ತಲೆಯೇ ಭೂಮಿ, ಕೈ ಚಾಚಿ ಹಣ್ಣು ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿರಿ ಎಂದೆ. ನಿಂಬೆಹಣ್ಣಿನ ಮೇಲೆ ಬೆಳಕು ಹೆಚ್ಚುತ್ತ ಹೋಗಿ ಹುಣ್ಣಿಮೆಯಾಯಿತು, ಕಡಿಮೆಯಾಗಿ ಅಮಾವಾಸ್ಯೆಯಾಯಿತು. ಎಲ್ಲರಿಗೂ ಖುಷಿ. ನೀಲವ್ವ ಒಬ್ಬಳೇ ಮತ್ತೆ ಮತ್ತೆ ತಿರುಗುತ್ತಿದ್ದಳು. ಆಮೇಲೆ ಕೇಳಿದಳು.

"ಸರ್, ಹಣ್ಣು ದೀಪಕ್ಕ ಅಡ್ಡ ಬಂದಾಗೊಮ್ಮೆ ದೀಪ ಮುಚ್ಚಿಹೋಗತೈತಿ. ಹಂಗಾರ ಅಮಾಸಿಗೊಮ್ಮೆ ಗ್ರಹಣ ಆಗಬೇಕಲ್ರಿ. ಯಾಕ ಆಗೂದಿಲ್ಲ?"

ಅಷ್ಟು ಸಲ ಆ ಪಾಠ ಮಾಡಿದ್ದರೂ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಚಂದ್ರನ ದಾರಿ ಸ್ವಲ್ಪ ಓರೆ ಎಂದು ಉತ್ತರ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಹೇಳಿದ್ದ ಕೇಳಿಸ್ತ್ರಿ. ಕಾಣಸಲಿಲ್ಲ" ಎಂದಳು. ಅಡುಗೆಯವರ ಹತ್ತಿರ ಹಿಟ್ಟು ಸೋಸುವ ಎರಡು ಸಾಣಿಗೆಗಳನ್ನು ಇಸಿದುಕೊಂಡೆವು. ದೊಡ್ಡದರ ಅಂಚು ಸೂರ್ಯನ ದಾರಿ, ಸಣ್ಣದರದು ಚಂದ್ರನ ದಾರಿ ಎಂದುಕೊಂಡು, ಸಣ್ಣದನ್ನು ದೊಡ್ಡದರೊಳಗೆ ಓರೆಯಾಗಿ ಸಿಕ್ಕಿಸಿ, ಎರಡೂ ಅಂಚು ಕೂಡುವ ಜಾಗ ಎರಡೇ ಎಂದು ಬೆರಳಿಟ್ಟು ನೋಡಿದೆವು. ಆ ಜಾಗದಲ್ಲಿ ಅಮಾವಾಸ್ಯೆ ಬಿದ್ದರೆ ಮಾತ್ರ ಗ್ರಹಣ. ನೀಲವ್ವ ಆ ಸಾಣಿಗೆಯನ್ನು ಮಧ್ಯಾಹ್ನದ ಊಟದ ತನಕ ಕೆಳಗಿಡಲಿಲ್ಲ.

ನಾನು ಕಂಡ ಮಾಸ್ತರರಲ್ಲಿ ಮಕ್ಕಳಿಗೆ ಉತ್ತರ ಕೊಡುವುದನ್ನು ತಡೆದುಕೊಳ್ಳಬಲ್ಲವರು ಕಡಿಮೆ. ಅವಳಿಗೆ ಅದು ಹುಟ್ಟಿನಿಂದ ಬಂದಿತ್ತು. ಮುಂದಿನ ವರ್ಷಗಳಲ್ಲಿ ಶಿರಹಟ್ಟಿಗೆ ಹೋದಾಗಲೆಲ್ಲ ಅವಳ ವರ್ಗದಲ್ಲಿ ಹಿಂದೆ ಕೂರುತ್ತಿದ್ದೆ. ಒಂದು ಸಲ ಬಕೆಟ್ಟಿನಲ್ಲಿ ನೀರು ತುಂಬಿ ತಲೆಯ ಸುತ್ತ ತಿರುಗಿಸಿ, ನೀರು ಯಾಕೆ ಚೆಲ್ಲಲಿಲ್ಲ ಎಂದು ಕೇಳಿ ಸುಮ್ಮನೆ ಕೂತಳು. ಹುಡುಗಿಯರು ಜಗಳವಾಡಿದರು, ತಾವೂ ತಿರುಗಿಸಿ ಮೈಯೆಲ್ಲ ತೊಯ್ಸಿಕೊಂಡರು. ಕೊನೆಗೆ ಒಬ್ಬಳು, "ಅದಕ್ಕ ಚೆಲ್ಲಾಕ ಪುರಸೊತ್ತ ಇಲ್ರಿ ಅಕ್ಕೋರ" ಎಂದಳು. ನೀಲವ್ವ ಆ ಮಾತನ್ನು ಹಲಗೆಯ ಮೇಲೆ ಹಾಗೆಯೇ ಬರೆದಳು.

ಕರ್ನಾಟಕ ಒಂದಾಗುವುದಕ್ಕೆ ಮುಂಚಿನ ವರ್ಷ, ಮುಂಗಾರಿನ ದಿನಗಳಲ್ಲಿ ಬೆಳಗಿನ ಹೊತ್ತು ಸೂರ್ಯಗ್ರಹಣ ಬಂತು. ನಮ್ಮ ಕಡೆ ಪೂರ್ತಿ ಮುಚ್ಚುವಂಥದ್ದಲ್ಲ, ಆದರೂ ದೊಡ್ಡದೇ. ನೀಲವ್ವ ತಿಂಗಳು ಮುಂಚೆಯೇ ತಯಾರಿ ನಡೆಸಿದ್ದಳು. ಬರಿಗಣ್ಣಿನಿಂದ ಸೂರ್ಯನನ್ನು ಯಾರೂ ನೋಡಬಾರದು ಎಂದು ಹುಡುಗಿಯರಿಂದ ಆಣೆ ಮಾಡಿಸಿದ್ದಳು. ಕೋಣೆಯ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ, ಬಾಗಿಲಿಗೆ ತಗಡು ಹಚ್ಚಿ, ಅದರಲ್ಲಿ ಮೊಳೆಯಿಂದ ಒಂದು ಸಣ್ಣ ತೂತು ಕೊರೆದಿದ್ದಳು. ಎದುರು ಗೋಡೆಗೆ ತಮ್ಮನ ಬಿಳಿ ಧೋತರ. ನಾನು ಹಿಂದಿನ ದಿನವೇ ಶಿರಹಟ್ಟಿಗೆ ಹೋಗಿದ್ದೆ.

ಬೆಳಿಗ್ಗೆ ಬೀದಿಗಳು ಖಾಲಿ. ನೀರಿನ ಕೊಡಗಳಿಗೆ ದರ್ಭೆ, ತುಳಸಿ. ಶಾಲೆಗೆ ಬಂದವರು ಬೆರಳೆಣಿಕೆಯಷ್ಟು ಹುಡುಗಿಯರು. ಉಳಿದವರನ್ನು ಮನೆಯಲ್ಲಿ ಕೂಡಿಹಾಕಿದ್ದರು. ಮೋಡ ಬೇರೆ. ನೀಲವ್ವ ಮೇಲೆ ನೋಡುತ್ತ, ಒಳಗೆ ಹೊರಗೆ ಓಡಾಡುತ್ತಿದ್ದಳು. ಗ್ರಹಣ ಹಿಡಿದು ಸ್ವಲ್ಪ ಹೊತ್ತಿಗೆ ಮೋಡ ಸರಿಯಿತು. ಧೋತರದ ಮೇಲೆ ತುಂಡು ಕಚ್ಚಿದ ರೊಟ್ಟಿಯಂಥ ಸೂರ್ಯ ಮೂಡಿದ. ಹುಡುಗಿಯರು ಸದ್ದಿಲ್ಲದೆ ಹತ್ತಿರ ಹೋಗಿ ಅದನ್ನು ಅಂಗೈಮೇಲೆ ಬೀಳಿಸಿಕೊಂಡರು.

ಅಂಗಳದಲ್ಲಿ ದೊಡ್ಡ ಬೇವಿನ ಮರ. ಅದರಾಚೆ ನೀಲವ್ವನ ಮನೆಯ ಹಿತ್ತಲು. ನಾವು ಹೊರಗೆ ಬಂದಾಗ ಮರದ ಕೆಳಗೆ ವೀರಪ್ಪನ ಹೆಂಡತಿ ಶಾಂತವ್ವ ನಿಂತಿದ್ದಳು. ಲಕ್ಷ್ಮೇಶ್ವರದ ಹುಡುಗಿ, ಚೊಚ್ಚಲ ಬಸುರಿ, ಹೊಟ್ಟೆ ಎದ್ದು ಕಾಣುತ್ತಿತ್ತು. ಎಲೆಗಳ ಸಂದಿ ಸಂದಿಯಿಂದ ಬಿದ್ದ ಬೆಳಕು ನೆಲದ ತುಂಬ ಕಚ್ಚಿದ ರೊಟ್ಟಿಗಳಾಗಿ ಹರಡಿತ್ತು. ಶಾಂತವ್ವ ಸೆರಗು ಹರವಿ ಅವುಗಳನ್ನು ಹಿಡಿಯುವಂತೆ ನಿಂತಿದ್ದಳು. ಅವಳ ಮೈಮೇಲೆ, ಹೊಟ್ಟೆಯ ಮೇಲೆ, ಕೈಬಳೆಗಳ ಮೇಲೆ ಎಲ್ಲ ಕಡೆ ಸೂರ್ಯ.

"ಅಕ್ಕಾ, ಇಷ್ಟೊಂದ ಎಲ್ಲಿಂದ ಬಂದ್ವು?"

"ಎಷ್ಟ ಎಲಿ ಸಂದಿ, ಅಷ್ಟ ತೂತು. ಎಷ್ಟ ತೂತು, ಅಷ್ಟ ಸೂರ್ಯ" ಎಂದಳು ನೀಲವ್ವ.

ಹಿಂದಿನ ಸಂಜೆ ಶಾಂತವ್ವ ಅವಳನ್ನು ಕೇಳಿದ್ದಳಂತೆ, ತಾನು ಗ್ರಹಣ ನೋಡಿದರೆ ಕೂಸಿಗೆ ಏನಾದರೂ ಆಗುತ್ತದೆಯೇ ಎಂದು. "ನೆರಳು ಅದು. ನೆರಳು ಯಾರಿಗೇನ ಮಾಡತೈತಿ" ಎಂದು ನೀಲವ್ವ ಹೇಳಿದ್ದಳು. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಂದೂ ಅದನ್ನೇ ಹೇಳುತ್ತೇನೆ.

ಹಿತ್ತಲ ಬಾಗಿಲಲ್ಲಿ ಗಂಗವ್ವ ಕಾಣಿಸಿಕೊಂಡಳು. ಕೂಗಲಿಲ್ಲ, ಬೈಯಲಿಲ್ಲ. ಸೊಸೆಯನ್ನು ನೋಡಿ, "ಒಳಗ ಬಾ" ಎಂದಳು, ಅಷ್ಟೇ.

ದಸರೆಯ ಮುಂದೆ ಶಾಂತವ್ವನಿಗೆ ಹೆಣ್ಣುಕೂಸು ಹುಟ್ಟಿತು. ಮೇಲ್ದುಟಿ ಮೂಗಿನ ತನಕ ಸೀಳಿತ್ತು.

ಗ್ರಹಣದಲ್ಲಿ ಬಸುರಿ ಹೊರಗೆ ಬಂದರೆ ಕೂಸಿನ ತುಟಿ ಸೀಳುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಸುದ್ದಿ ಗದಗಕ್ಕೆ ಬರಲು ಹೊತ್ತು ಹಿಡಿಯಲಿಲ್ಲ. ನಾನು ರಜೆ ಹಾಕಿ ಶಿರಹಟ್ಟಿಗೆ ಹೋದೆ. ಅವರ ಪಡಸಾಲೆಯಲ್ಲಿ ಗಂಗವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅರಳೆಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದಳು. ಕೂಸಿಗೆ ಮೊಲೆ ಚೀಪಲು ಆಗುತ್ತಿರಲಿಲ್ಲ. ಹಾಲು ಅರ್ಧ ಮೂಗಿನಿಂದ ಹೊರಗೆ ಬರುತ್ತಿತ್ತು. ನೀಲವ್ವ ಕಂಬದ ಹತ್ತಿರ ನಿಂತಿದ್ದಳು. ಕೂಸನ್ನು ಮುಟ್ಟಲು ಅವಳಿಗೆ ಬಿಡುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ನಾನು ಕೂತು ಮಾತಾಡಿದೆ. ಆ ನೆರಳು ಅರ್ಧ ದೇಶದ ಮೇಲೆ ಬಿದ್ದಿತ್ತು, ಎಷ್ಟೋ ಹೆಂಗಸರು ಹೊಲದಲ್ಲಿದ್ದರು, ಗ್ರಹಣವಿಲ್ಲದ ವರ್ಷಗಳಲ್ಲೂ ಇಂಥ ಕೂಸುಗಳು ಹುಟ್ಟುತ್ತವೆ ಎಂದೆ. ಗಂಗವ್ವ ಎಲ್ಲ ಕೇಳಿಸಿಕೊಂಡಳು.

"ಮಾಸ್ತರ, ನಾ ಸಾಲಿ ಕಲತಾಕಿ ಅಲ್ಲ. ನಮ್ಮ ಓಣ್ಯಾಗ ಅವತ್ತ ಬಸರೇರು ಮತ್ತೂ ಇದ್ರು. ಅವರು ಒಳಗ ಕುಂತ್ರು, ಅವರ ಕೂಸು ಚೊಲೋ ಅದಾವ. ಈಕಿ ಹೊರಗ ನಿಂತಳು, ಈಕಿ ಕೂಸು ಹಿಂಗೈತಿ. ನೀವು ಮಾಡಿ ನೋಡ್ರಿ, ಮಾಡಿ ನೋಡ್ರಿ ಅಂತೀರಿ. ಇದೂ ಮಾಡಿ ನೋಡಿದ್ದ ಅಲ್ಲೇನ್ರಿ?"

ಒಂದನ್ನು ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು, ಏನಾಗುತ್ತದೆ ನೋಡಿ ಎಂದು ಶಿಬಿರದಲ್ಲಿ ನಾನೇ ಕಲಿಸುತ್ತಿದ್ದೆ. ಒಂದೇ ಸಲ ನೋಡಿದ್ದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಅವಳ ತೊಡೆಯ ಮೇಲೆ ಕೂಸು ಇತ್ತು. ಅದರ ಮುಂದೆ ಆ ಮಾತು ಹೊರಡಲಿಲ್ಲ.

"ಗ್ರಹಣದಿಂದ ಅಲ್ಲ ಅಂದ್ರ ಯಾತರಿಂದ ಆತು, ಅದನ್ನರ ಹೇಳ್ರಿ" ಎಂದ ವೀರಪ್ಪ.

"ಗೊತ್ತಿಲ್ಲಪಾ."

"ಅಕ್ಕಗ ಗೊತ್ತಿತ್ತಲ್ಲ. ನೆರಳು ಏನೂ ಮಾಡೂದಿಲ್ಲ ಅಂದಿದ್ಲು."

ನೀಲವ್ವ ಅಲ್ಲಿಂದ ಒಳಗೆ ಹೋದಳು. ಶಾಂತವ್ವ ಬಾಣಂತಿ ಕೋಣೆಯಲ್ಲಿದ್ದಳು. ಅವಳ ದನಿ ಆ ದಿನ ನನಗೆ ಕೇಳಿಸಲಿಲ್ಲ.

ಊರಿನವರು ಶಾಲೆಗೆ ಮಕ್ಕಳನ್ನು ಕಳಿಸುವುದನ್ನು ಕಡಿಮೆ ಮಾಡಿದರು. ಮೇಲಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಅವಳ ಪರವಾಗಿ ಹೇಳಲು ನಾನು ಹೋದೆ. ಅವರು ಕೆಟ್ಟ ಮನುಷ್ಯರಲ್ಲ. ನನ್ನ ಮಾತೆಲ್ಲ ಒಪ್ಪಿದರು. ಒಪ್ಪಿ ಹೇಳಿದರು: "ನೀವು ಹೇಳೂದು ಖರೆ. ಆದ್ರ ಖರೆ ಅಂತ ಆ ಅಕ್ಕೋರ ಅಲ್ಲೇ ಉಳದ್ರ ಸಾಲಿ ಉಳಿಯೂದಿಲ್ಲ." ಅಷ್ಟರಲ್ಲಿ ನೀಲವ್ವ ತಾನಾಗಿಯೇ ವರ್ಗ ಕೇಳಿ ಬರೆದುಕೊಟ್ಟಿದ್ದಳು. ಮುಂಡರಗಿಯ ಆಚೆ, ಹೊಳೆಯ ದಿಕ್ಕಿನ ಒಂದು ಸಣ್ಣ ಹಳ್ಳಿ ಸಿಕ್ಕಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಹೋದಳು.

ಮರುವರ್ಷ ರಾಜ್ಯ ಒಂದಾಯಿತು. ಗದಗದಲ್ಲಿ ದೀಪ ಹಚ್ಚಿದೆವು, ಮೆರವಣಿಗೆ ಮಾಡಿದೆವು. ಮುಂಬೈಯ ಬಾಗಿಲಲ್ಲಿ ನಿಂತು ಕನ್ನಡ ಶಾಲೆ ಕೇಳುತ್ತಿದ್ದ ನಮಗೆ ಅದು ಎಂಥ ದಿನ ಎಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಹೊಸ ಪಠ್ಯಪುಸ್ತಕ ಬರೆಯುವವರಲ್ಲಿ ನನ್ನನ್ನೂ ಸೇರಿಸಿದರು. ಬಲಕ್ಕೆ, ಒತ್ತಡಕ್ಕೆ, ಗುರುತ್ವಾಕರ್ಷಣೆಗೆ ಕನ್ನಡ ಮಾತು ಗೊತ್ತುಮಾಡುತ್ತ ದಿನಗಟ್ಟಲೆ ಕೂತೆವು. ಪ್ರತಿ ಪಾಠದ ಕೊನೆಗೆ ನಾನು 'ಮಾಡಿ ನೋಡಿರಿ' ಎಂದು ಒಂದು ಭಾಗ ಬರೆದಿದ್ದೆ. ಕೊನೆಯ ಸುತ್ತಿನಲ್ಲಿ ಸಮಿತಿಯ ಹಿರಿಯರು ಅದನ್ನೆಲ್ಲ ಹೊಡೆದುಹಾಕಿದರು. ಪುಟ ಹೆಚ್ಚಾಗುತ್ತದೆ ಎಂದರು, ಪರೀಕ್ಷೆಯಲ್ಲಿ ಬರುವುದಿಲ್ಲ ಎಂದರು. ನಾನು ವಾದಿಸಿದೆ. ಮತಕ್ಕೆ ಹಾಕಿದಾಗ ನನ್ನ ಕೈ ಒಂದೇ ಮೇಲೆದ್ದಿತ್ತು. ಲಕ್ಷ್ಮೇಶ್ವರದಲ್ಲಿ ಪುಸ್ತಕಕ್ಕೆ ನಮ್ಮ ಭಾಷೆ ಇರಲಿಲ್ಲ, ಮಾಡಿ ನೋಡುವ ಕೈ ಇತ್ತು. ಈಗ ಭಾಷೆ ಬಂತು, ಕೈ ಹೋಯಿತು. ನನ್ನ ವೃತ್ತಿಯ ದೊಡ್ಡ ದುಃಖ ಯಾವುದು ಎಂದರೆ ಇದನ್ನೇ ಹೇಳುತ್ತಿದ್ದೆ, ನೀಲವ್ವನ ಸಂಗತಿ ನಡೆಯದೆ ಇದ್ದಿದ್ದರೆ.

ಆಮೇಲಿನ ವರ್ಷ ರಷ್ಯಾದವರು ಆಕಾಶಕ್ಕೆ ಕೃತಕ ಚಂದ್ರನನ್ನು ಹಾರಿಸಿದರು. ಗದಗದಲ್ಲಿ ಹುಡುಗರನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಕತ್ತಲಾಗುವ ಮುಂಚೆ ಒಂದು ಬೆಳಕಿನ ಚುಕ್ಕೆ ಸರಸರ ಹೋಗುವುದನ್ನು ತೋರಿಸಿದೆ. ಅದು ಆ ಗೋಲವಲ್ಲ, ಅದನ್ನು ಹೊತ್ತೊಯ್ದ ರಾಕೆಟ್ಟಿನ ಭಾಗ ಎಂದು ಆಮೇಲೆ ಓದಿ ತಿಳಿದು, ಮರುವಾರ ಹುಡುಗರಿಗೆ ತಪ್ಪು ತಿದ್ದಿ ಹೇಳಿದೆ. ಎಲ್ಲರ ಬಾಯಲ್ಲೂ ಆಕಾಶದ್ದೇ ಮಾತು. ಇಂಥ ಹೊತ್ತಿನಲ್ಲಿ ನೀಲವ್ವ ಸುಮ್ಮನಿರುವುದು ಸರಿಯಲ್ಲ ಎನ್ನಿಸಿ, ಹೊಸ ಶಿಬಿರಕ್ಕೆ ಕರೆಯಲು ಅವಳ ಹಳ್ಳಿಗೆ ಹೋದೆ.

ಶಾಲೆ ಎಂದರೆ ಒಂದು ಕೋಣೆ. ಹೊರಗಿನಿಂದಲೇ ಮಕ್ಕಳು ಒಟ್ಟಾಗಿ ಕೂಗಿ ಹೇಳುವುದು ಕೇಳಿಸುತ್ತಿತ್ತು. "ಚಂದ್ರನು ಸೂರ್ಯನಿಗೂ ಭೂಮಿಗೂ ನಡುವೆ ಬಂದಾಗ ಸೂರ್ಯಗ್ರಹಣವಾಗುತ್ತದೆ." ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ. ಆ ವಾಕ್ಯ ನಾನೇ ಬರೆದದ್ದು. ನೀಲವ್ವ ಪುಸ್ತಕ ಹಿಡಿದು ನಿಂತಿದ್ದಳು. ಒಬ್ಬಳು ಹುಡುಗಿ ಎದ್ದು, "ಅಕ್ಕೋರ, ನಡುವ ಅಂದ್ರ ಎಲ್ಲಿರಿ?" ಎಂದು ಕೇಳಿದಳು. "ಪುಸ್ತಕದಾಗ ಇದ್ದಷ್ಟ ಓದು" ಎಂದು ನೀಲವ್ವ ಅವಳನ್ನು ಕೂರಿಸಿದಳು.

ಶಿಬಿರದ ಮಾತೆತ್ತಿದೆ. ಅವಳು ಕೈಮುಗಿದಳು.

"ಸರ್, ನೀವು ಹೇಳೂದ್ರಾಗ ತಪ್ಪಿಲ್ಲ. ಆದ್ರ ನಾ ಬಾಯಿ ತೆರದ್ರ ಆ ಕೂಸಿನ ಬಾಯಿ ಕಾಣತೈತಿ. ನನ್ನ ಬಿಟ್ಟಬಿಡ್ರಿ."

ಬಿಟ್ಟೆ. ಅದರ ಮೇಲೆ ಎಷ್ಟೋ ವರ್ಷ ಅವಳನ್ನು ನೋಡಲಿಲ್ಲ.

ನನ್ನ ನೌಕರಿ ಮುಗಿಯುತ್ತ ಬಂದ ಕಾಲಕ್ಕೆ ಯಾವುದೋ ಕೆಲಸದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಪೇಟೆಯಲ್ಲಿ ಒಬ್ಬ ಹೆಣ್ಣುಮಗಳು ಅಡ್ಡ ಬಂದು, "ಮಾಸ್ತರ, ಗುರ್ತ ಸಿಗಲಿಲ್ಲೇನ್ರಿ?" ಎಂದಳು. ಶಾಂತವ್ವ. ತವರಿಗೆ ಬಂದಿದ್ದಳು. ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಮಗಳು, ಕೈಯಲ್ಲಿ ಜೋಳದ ಚೀಲ. ತುಟಿಯ ಮೇಲೆ ತೆಳುವಾದ ಹೊಲಿಗೆಯ ಗುರುತು. ಶಾಂತವ್ವ ಮಗಳನ್ನು ಮುಂದೆ ಕಳಿಸಿ ನಿಂತಳು.

"ಮಿರಜಿಗೆ ಒಯ್ದು ಹೊಲಿಸಿದ್ವಿರಿ. ಅಲ್ಲಿ ಡಾಕ್ಟರು, ಬಸರಾಗಿದ್ದಾಗ ಏನರ ಆಗಿತ್ತೇನು ಅಂತ ನನ್ನ ಕೇಳಿದ್ರು. ಗ್ರಹಣದ ಕಥಿ ಹೇಳಿದೆ. ಅವರು ನಕ್ಕು, ತಂಗಿ, ಕೂಸಿನ ತುಟಿ ಕೂಡೂದು ಬಸರಾಗಿ ಎರಡನೇ ತಿಂಗಳದಾಗ, ನಿನಗ ಆವಾಗ ಎಷ್ಟು ಅಂದ್ರು. ಆರರಾಗಿತ್ತು ಅಂದೆ. ಹಂಗಾರ ಗ್ರಹಣ ಹಿಡಿಯೂಕಿಂತ ಮೊದಲ ತುಟಿ ಹಂಗ ಇತ್ತು ಅಂದ್ರು."

"ಮನ್ಯಾಗ ಹೇಳಿದೇನವಾ?"

"ಇವರೂ ಅಲ್ಲೇ ಇದ್ರಲ್ರಿ, ಕೇಳ್ಯಾರ. ಸುಮ್ನಿರು ಅಂದ್ರು. ಗ್ರಹಣದಿಂದ ಆತು ಅಂದ್ರ ಜನ ಅಯ್ಯೋ ಅಂತಾರ. ಗ್ರಹಣ ಅಲ್ಲ ಅಂದ್ರ ಈ ಮನಿ ರಕ್ತದಾಗ ಐತಿ ಅಂತಾರ, ನಾಳಿ ಈಕೀನ ಯಾರು ಮಾಡ್ಕೋತಾರ ಅಂದ್ರು. ಅತ್ತೀನೂ ಅದನ್ನ ಅಂದ್ರು."

ಮಗಳು ಹೋದ ದಾರಿ ನೋಡಿ ಮತ್ತೆ ಹೇಳಿದಳು. "ನಾ ಯಾವತ್ತೂ ಅಕ್ಕನ ಅಂದಿಲ್ರಿ. ನನ್ನ ಯಾರೂ ಕೇಳಲೂ ಇಲ್ಲ. ಅವತ್ತ ನೋಡಿದ್ದು ನನಗ ಚೊಲೋ ಅನಸಿತ್ತು. ಅಕ್ಕಗ ನೀವರ ಹೇಳ್ರಿ."

ಆ ವಾರವೇ ಮುಂಡರಗಿಯ ಬಸ್ಸು ಹಿಡಿದೆ. ನೀಲವ್ವ ಅದೇ ಹಳ್ಳಿಯಲ್ಲಿದ್ದಳು. ಕೂದಲು ಬೆಳ್ಳಗಾಗಹತ್ತಿತ್ತು. ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ: ಡಾಕ್ಟರ ಮಾತು, ಮನೆಯವರು ಅದನ್ನು ಮುಚ್ಚಿಟ್ಟದ್ದು, ಶಾಂತವ್ವ ಹೇಳಿ ಕಳಿಸಿದ್ದು. ಅವಳು ನೆಲ ನೋಡುತ್ತ ಕೇಳಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಅದೂ ಇಲ್ಲ.

"ತಮ್ಮಗ ಗೊತ್ತಿತ್ತು" ಎಂದಳು ಕೊನೆಗೆ.

"ಹೌದವಾ."

"ಮಗಳ ಸಲುವಾಗಿ ಸುಮ್ನಿದ್ದಾನ. ಇರಲಿ. ನನಗಿಂತ ಆಕಿ ಸಣ್ಣಾಕಿ."

ಈಗಲಾದರೂ ಶಿಬಿರಕ್ಕೆ ಬಾ, ಮುಂದಿನ ಬೇಸಿಗೆಗೆ ನನ್ನದೇ ಕೊನೆಯ ಶಿಬಿರ ಎಂದೆ. ಹೆದರಿಕೆಗೆ ಈಗ ಕಾರಣ ಉಳಿಯಲಿಲ್ಲವಲ್ಲ ಎಂದೆ.

"ಅಂಜಿಕಿ ಹೋತ್ರಿ ಸರ್. ಆದ್ರ ಅದರ ಕೂಡ ಆಶಾನೂ ಹೋಗೇತಿ. ಇಷ್ಟ ವರ್ಷ ಪುಸ್ತಕ ಓದಿಸಿ ಓದಿಸಿ, ಈಗ ಹುಡುಗ್ಯಾರ ಏನರ ಕೇಳಿದ್ರ ನನಗ ಬ್ಯಾಸರ ಬರತೈತಿ. ಮೊದಲ ಕೇಳದಿದ್ರ ಬ್ಯಾಸರ ಬರತಿತ್ತು."

ಅವಳು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಹೊಲಕ್ಕೆ ಮಳೆಯಾಯಿತು, ಬಿತ್ತುವ ಕಾಲ ದಾಟಿತ್ತು ಎನ್ನುವ ಹಾಗೆ ಹೇಳಿದಳು.

ಒಳಗೆ ಹೋಗಿ ಚಹಾ ಮಾಡಿ ತಂದಳು. ಕುಡಿಯುವಾಗ ಕೇಳಿದಳು.

"ಕೂಸಿನ ಮುಖ ಹ್ಯಾಂಗಾಗೇತ್ರಿ? ಹೊಲಿಗಿ ಕಾಣತೈತೇನು?"

"ಸುಮ್ನಿದ್ರ ಕಾಣೂದಿಲ್ಲ. ನಕ್ರ ಒಂದೀಟ ಕಾಣತೈತಿ."

ನೀಲವ್ವ ಕಪ್ಪು ಕೆಳಗಿಟ್ಟಳು.

"ನಗ್ತಾಳಂದ್ರ ಆತು ಬಿಡ್ರಿ" ಎಂದಳು.

ಬಸ್ಸಿನ ಹೊತ್ತಾಗಿತ್ತು. ಅವಳು ಕಟ್ಟೆಯಿಂದ ಎದ್ದು, ದಾರಿಯ ತಿರುವಿನ ತನಕ ಬಂದು, ನನ್ನನ್ನು ಹತ್ತಿಸಿ ಹೋದಳು.